ಒಂದು ಕಡೆ ಸಾಫ್ ಇದ್ದರೆ ಸಾಕು

ಬಸವಕಲ್ಯಾಣ,
9 ಫೆಬ್ರುವರಿ 2025

ಪ್ರೀತಿಯ ಸರಿತಕ್ಕಾ,

ಜೈ ಭೀಮ್. ನಿನ್ನ ಕೆಮ್ಮು ಇಳಿಯಿತೇ? ಭಾವನ ಮೊಣಕಾಲು ಹೇಗಿದೆ? ಇನ್ನು ಕೈಮುಗಿದು, ತಲೆ ತಗ್ಗಿಸಿ, ಒಂದು ಅಪರಾಧ ಒಪ್ಪಿಕೊಳ್ಳುತ್ತೇನೆ. ಅಮ್ಮನಿಗೆಂದು ಹುಮನಾಬಾದಿನಿಂದ ಕಬ್ಬಿನ ಲಾರಿಯ ಪಂಡರಿಯ ಕೈಲಿ ನೀನು ಕಳಿಸಿದ ಶೇಂಗಾ ಹೋಳಿಗೆ ಅಮ್ಮನಿಗೆ ಮುಟ್ಟಲಿಲ್ಲ. ಡಬ್ಬಿ ಮುಟ್ಟಿತು. ಇರುವೆ ಮುತ್ತಿತ್ತು, ಚೆಲ್ಲಿಬಿಟ್ಟೆ ಎಂದು ಅವಳಿಗೆ ಹೇಳಿದ್ದೆ. ಆ ಇರುವೆಗೆ ಎರಡೇ ಕಾಲು, ಮೇಲೊಂದು ಕನ್ನಡಕ. 'ಆ ಕಪಿಲಗ ಒಂದು ತುಂಡೂ ಕೊಡಬ್ಯಾಡ' ಎಂದು ನೀನು ಹೇಳಿ ಕಳಿಸಿದ್ದನ್ನು ಪಂಡರಿ ನಿಷ್ಠೆಯಿಂದ ತಿಳಿಸಿದ. ಅದಕ್ಕೇ ಪೂರ್ತಿ ತಿಂದೆ. ಫೋನನ್ನು ನೀನು ಎತ್ತುವುದಿಲ್ಲವಾದ್ದರಿಂದ ಈ ಕಾಗದ.

ನಾನು ಮಾಡುವ ಉದ್ಯೋಗ ಏನೆಂದು ನಿಮ್ಮ ಓಣಿಯಲ್ಲಿ ಇನ್ನೂ ಕೇಳುತ್ತಾರಂತೆ. ವಂಶವಾಹಿಗಳ ವಹಿ ಬರೆಯುವ ಕಾರಕೂನ ಎಂದುಬಿಡು. ಯಾರ ವಂಶವಾಹಿಯಲ್ಲಿ ಯಾವ ಅಕ್ಷರ ಬದಲಾಗಿದೆ ಎಂದು ಆಸ್ಪತ್ರೆಗಳು ಕಳಿಸುತ್ತವೆ. ಅದರಿಂದ ರೋಗ ಬರುತ್ತದೋ ಇಲ್ಲವೋ ನೋಡಿ, ಎಲ್ಲ ವೈದ್ಯರಿಗೂ ಕಾಣುವಂತೆ ಆನ್‌ಲೈನ್ ದಾಖಲೆಗೆ ಏರಿಸುವುದು ನನ್ನ ಕೆಲಸ. ಒಂದೇ ಮಗು ಎರಡು ಆಸ್ಪತ್ರೆಗೆ ಹೋದರೆ ದಾಖಲೆಯಲ್ಲಿ ಅವಳಿಜವಳಿ ಆಗದಂತೆ ಕಾಯಬೇಕು. ಹೊಸ ಸಂಶೋಧನೆ ಬಂದಾಗ ಹಳೆಯ ಸಾಲು ತಿದ್ದಬೇಕು. ರೂಪಾಂತರ ನೋಡಿಕೊಳ್ಳುವವನಿಗೂ ರೂಪಾಯಿಗೂ ಬಹಳ ಅಂತರ, ಅದನ್ನು ಮಾತ್ರ ಓಣಿಯಲ್ಲಿ ಹೇಳಬೇಡ.

ಇದರಲ್ಲಿ ನನ್ನದೂ ಒಂದು ಪರಾಕ್ರಮವಿದೆ. ಆಸ್ಪತ್ರೆಯ ಫಾರ್ಮಿನಲ್ಲಿ 'ಗಂಡಹೆಂಡತಿ ರಕ್ತಸಂಬಂಧಿಗಳೇ?' ಎಂಬ ಪ್ರಶ್ನೆಗೆ ನಮ್ಮ ಕಡೆಯಿಂದ ಬಂದ ಉತ್ತರವೆಲ್ಲ 'ಇಲ್ಲ'. ಅನುಮಾನ ಬಂದು ಮಂಠಾಳಕ್ಕೆ ಹೋಗಿ ಒಬ್ಬ ಅಜ್ಜಿಯನ್ನು ಕೇಳಿದೆ. ಬಯ್ದೇಬಿಟ್ಟಳು: 'ಥೂ ನಿನ್ನ! ರಕ್ತಸಂಬಂಧದಾಗ ಯಾರರ ಲಗ್ನ ಮಾಡ್ತಾರೇನೋ? ನನ್ನ ಸೊಸಿ ಅಂದ್ರ ನನ್ನ ತಮ್ಮನ ಮಗಳು, ಸೋದರಿಕಿ!' ನಮ್ಮವರಿಗೆ ಅಪ್ಪನ ಕಡೆಯವರಷ್ಟೇ ರಕ್ತ. ಸೋದರಮಾವನ ಮನೆಯವರು ಬೀಗರು. ಅಂದಿನಿಂದ ಪ್ರಶ್ನೆಯನ್ನೇ ಬದಲಿಸಿದೆ: 'ಲಗ್ನಕ್ಕಿಂತ ಮೊದಲು ನಿಮ್ಮ ಮಾವಗ ಏನಂತ ಕರೀತಿದ್ರಿ?' 'ಮಾವಾ ಅಂತೇ ಕರೀತಿದ್ದೆ, ಮತ್ತೇನು!' ಎಂದು ನಗುತ್ತಾರೆ. ಅಷ್ಟರಲ್ಲೇ ಸಿಕ್ಕಿಬೀಳುತ್ತಾರೆ. ದೊಡ್ಡ ದೊಡ್ಡ ಡಾಕ್ಟರರು ಇದಕ್ಕೆ ಚಪ್ಪಾಳೆ ತಟ್ಟಿದರು.

ಹಾಗೆ ತಿದ್ದುತ್ತ ಬಂದಾಗ ನಿನ್ನ ಮಗ ಸಂಘರತ್ನನ ಸಾಲೂ ಬಂತು; ಊರು, ಹುಟ್ಟಿದ ವರ್ಷ ನೋಡಿಯೇ ಗುರುತು ಹಿಡಿದೆ. ಆಸ್ಪತ್ರೆಯಲ್ಲಿ ಅಮ್ಮ ಅಲ್ಲಿಯೂ 'ಇಲ್ಲ' ಎಂದೇ ಬರೆಸಿದ್ದಳು. ತನ್ನ ಸ್ವಂತ ಅಣ್ಣ, ಉತ್ತಮ ಮಾವನ ಮಗನಿಗೆ ನಿನ್ನನ್ನು ಕೊಟ್ಟು ಹೀಗೆ ಬರೆಸಿದ್ದಳು! ನಾನು 'ಹೌದು' ಎಂದು ತಿದ್ದಿ, ಏನೋ ಸಾಧಿಸಿದವನಂತೆ ನಿನಗೆ ಫೋನು ಮಾಡಿದೆ. ತಿಂಗಳು ತಿಂಗಳೂ ಯಾರದೋ ರಕ್ತ ಏರಿಸಿಕೊಂಡು, ಬಶಿಯಲ್ಲಿ ಚಹಾ ಊದಿ ಊದಿ ಕುಡಿದು, ಶಾಲೆಯ ಮುಖ ನೋಡುವ ಮೊದಲೇ ಹೋದ ಮಗು. ಮಾವನ ಮನೆಯದು ಅರ್ಧ, ನಮ್ಮ ಮನೆಯದು ಅರ್ಧ, ಎರಡೂ ಕೂಡಿ ಅವನಿಗೆ ಥಲಸ್ಸೇಮಿಯಾ ಆಯಿತು. ನೀನು ಅಂದ ಮಾತು ಇನ್ನೂ ಕಿವಿಯಲ್ಲಿದೆ: 'ಅದ್ರಾಗ ನನ್ನ ಮಗನ ಹೆಸರಿಲ್ಲ, ನಮ್ಮ ತಪ್ಪು ಮಾತ್ರ ಅದ.' ಹೆಸರಿಗೆ ಅಲ್ಲಿ ಜಾಗವಿಲ್ಲ ಅಕ್ಕಾ. ಇಡಬಾರದೆಂಬ ನಿಯಮವನ್ನು ನಾನೇ ಉಳಿದವರಿಗೆ ಕಲಿಸುತ್ತೇನೆ.

ಈಗ ಅದೇ ಮನೆಯಿಂದ, ನಿನ್ನ ನಾದಿನಿ ಮಯೂರಿಯನ್ನು ನನಗೆ ತರುತ್ತಿದ್ದಾರೆ. ಮೊನ್ನೆ ಲಗ್ನ ನಿಶ್ಚಯಿಸಿ ಸಕ್ಕರೆಪುಡಾ ಮಾಡಿದ ದಿನ ನೀನು ಒಳಗಿನಿಂದ ಹೊರಗೆ ಬರಲಿಲ್ಲ. ನಿನ್ನ ಸಿಟ್ಟು ನ್ಯಾಯದ್ದೇ. ಆದರೆ ನಿನ್ನ ತಮ್ಮ ಕುರುಡನಲ್ಲ. ಮೊದಲು ರಕ್ತ ಪರೀಕ್ಷೆ, ಆಮೇಲೆ ಸಕ್ಕರೆ ಎಂದು ಪಟ್ಟು ಹಿಡಿದವನು ನಾನೇ. ಇಬ್ಬರಲ್ಲಿ ಒಂದು ಕಡೆ ಸಾಫ್ ಇದ್ದರೆ ಮಕ್ಕಳಿಗೆ ಆ ರೋಗ ಬರುವುದಿಲ್ಲ ಎಂದು ಊರೂರು ತಿರುಗಿ ಹೇಳಿದವನೂ ನಾನೇ. ನನ್ನದು ಸಾಫ್ ಅದ ಎಂದು ನಾಲ್ಕು ಜನರ ಮುಂದೆ ಹೇಳಿಯೇ ಬಾಯಿಗೆ ಸಕ್ಕರೆ ಹಾಕಿಸಿಕೊಂಡೆ. ಈ ತಾಲೂಕಿನಲ್ಲಿ ಹಾಗೆ ಎದ್ದು ಹೇಳಿದ ಮದುಮಗ ಇನ್ನೊಬ್ಬನಿದ್ದರೆ ತೋರಿಸು!

ಅಮ್ಮ ನಿನ್ನ ದಾರಿ ಕಾಯುತ್ತಾಳೆ, ಬಾಯಿಬಿಟ್ಟು ಹೇಳುವುದಿಲ್ಲ. ಉತ್ತಮ ಮಾವನಿಗೂ ಭಾವನಿಗೂ ನನ್ನ ನಮಸ್ಕಾರ ಹೇಳು. ನೀನು ಬಯ್ದರೂ ಸರಿ, ಮಾತಾಡು.

ನಿನ್ನ ತಮ್ಮ,
ಕಪಿಲ

ತಾ.ಕ.: ಪಂಡರಿ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಅಕ್ಕಾ, ನನ್ನದು ಸಾಫ್ ಇಲ್ಲ. ಸಂಘರತ್ನನಿಗೆ ನಿನ್ನಿಂದ ಬಂದ ಅದೇ ಅರ್ಧ ನನ್ನಲ್ಲೂ ಇದೆ. ಸಕ್ಕರೆಪುಡಾಕ್ಕೆ ಮೊದಲೇ ಗೊತ್ತಿತ್ತು. 'ಏನಪಾ ಕಪಿಲ, ಎಲ್ಲ ಬರೋಬರ್ ಅದ ಇಲ್ಲ?' ಎಂದು ಮಾವ ಕೇಳಿದಾಗ ಹೇಳಬೇಕೆಂದೇ ಬಾಯಿ ತೆರೆದೆ. ಮಯೂರಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. 'ಬರೋಬರ್ ಅದ ಮಾವಾ' ಅಂದುಬಿಟ್ಟೆ. ಹುಡುಗನದು ಸಾಫ್ ಇದ್ದಮೇಲೆ ಹುಡುಗಿಗೆ ಯಾಕೆ ಸೂಜಿ ಎಂದು ಅವಳ ಪರೀಕ್ಷೆ ಬಿಟ್ಟರು. ಒಂದು ಕಡೆ ಸಾಫ್ ಇದ್ದರೆ ಸಾಕು ಎಂಬ ನನ್ನ ಮಾತನ್ನೇ ನನಗೆ ತಿರುಗಿ ಹೇಳಿದರು. ನೀನು ಅವಳಿಗೆ ಎಲ್ಲ ಹೇಳಿ ಪರೀಕ್ಷೆ ಮಾಡಿಸು. ಕಪಿಲ ಸುಳ್ಳು ಹೇಳಿದ ಎಂದೇ ಹೇಳು. ನನ್ನಿಂದ ಆಗಲಿಲ್ಲ. ಹೋಳಿಗೆಗೆ ಇರುವೆ ಮುತ್ತಿರಲಿಲ್ಲ ಎಂದು ಅಮ್ಮನಿಗೆ ಇವತ್ತು ಬೆಳಿಗ್ಗೆ ಹೇಳಿದೆ. ನನ್ನ ಧೈರ್ಯ ಅಲ್ಲಿಗೇ ಮುಗಿಯಿತು.