ಗಡಿಬೇಲಿಯ ಗೇಟಿನ ನಾಲ್ಕು ಅಂಕಿ

ಬೇಲಿ ಕಾಯುವ ಮಾನ್ಯರೇ,

ಮೊದಲಿಗೆ ನನ್ನ ತಪ್ಪೊಪ್ಪಿಗೆ. ಕಳೆದ ಮಂಗಳವಾರ ಮಧ್ಯಾಹ್ನ, ಪೂರ್ಣ ಎಚ್ಚರದಲ್ಲಿದ್ದು, ಈ ದೇಶದ ಭದ್ರತಾ ರಹಸ್ಯವೊಂದನ್ನು ನಾನು ಒಂದು ಡಜನ್ ತಮಾಲೆ ಕಡುಬಿನ ಜೊತೆ ಕೊಸರಾಗಿ ಪಡೆದೆ. ಕೊಟ್ಟವಳು ತಮಾಲೆ ಮಾರುವ ಎರ್ಮಿನಿಯಾ. ಪಡೆದವನು ಈ ಊರಿನ ಚುನಾಯಿತ ಮೇಯರ್. ರಹಸ್ಯ, ನಿಮ್ಮ ಬೇಲಿಯ ಗೇಟು ತೆರೆಯುವ ನಾಲ್ಕು ಅಂಕಿ. ಅವಳನ್ನು ಬಂಧಿಸುವುದಾದರೆ ದಯವಿಟ್ಟು ಹನ್ನೊಂದರ ಮೇಲೆ ಬನ್ನಿ, ಅಷ್ಟರಲ್ಲಿ ನಮ್ಮೆಲ್ಲರ ತಿಂಡಿ ಮುಗಿದಿರುತ್ತದೆ.

ನೀವು ಬೇಲಿಯನ್ನು ಗಡಿಯಾಗಿರುವ ನದಿಯ ದಂಡೆಗೆ ಹಾಕಲಿಲ್ಲ, ಅರ್ಧ ಮೈಲಿ ಈಚೆಗೆ ಹಾಕಿದಿರಿ. ಆಚೆ ಉಳಿದದ್ದೂ ಟೆಕ್ಸಸ್ಸೇ. ಅಲ್ಲಿ ಎಂಬತ್ತೊಂದು ವರ್ಷದ, ಊರೆಲ್ಲ ಗೌರವದಿಂದ ದೋನ್ಯಾ ಎಂದು ಕರೆಯುವ ಎಲೋದಿಯಾ ಇದ್ದಾರೆ, ಅವರ ಕಿತ್ತಳೆ ತೋಟವಿದೆ. ಮಂಗಳವಾರ ಅವರಿಗೆ ಉಸಿರು ಕಟ್ಟಿತು. ಆಂಬುಲೆನ್ಸಿನ ರಮೀರೊ ಗೇಟಿಗೆ ಬಂದು, ಬೇಲಿ ಹಾಕಿದಾಗ ಕೊಟ್ಟಿದ್ದ ಅಂಕಿಯನ್ನೇ ಒತ್ತಿದ. ಕೆಂಪು ದೀಪ. ನಿಮ್ಮ ಕಚೇರಿಗೆ ಫೋನ್ ಮಾಡಿದರೆ ಸಂಗೀತ. ಕೊನೆಗೆ ನನ್ನನ್ನು ಕರೆಸಿದ.

“ಅಂಕಿ ಬದಲಾಗಿದೆ ಮೇಯರ್ರೇ. ನಿಮಗೆ ಗೊತ್ತಿರಬೇಕಲ್ಲ?”

“ನಂಗ್ಯಾರು ಹೇಳ್ತಾರೋ? ನಾನು ಬರೀ ಮೇಯರ್ರು.”

ಗಾಡಿ ನಿಲ್ಲಿಸಿಕೊಂಡಿದ್ದ ಎರ್ಮಿನಿಯಾ, “ಡಜನ್ ತಗೊಳ್ಳಿ, ನಾನು ಹೇಳ್ತೀನಿ. ತೋಟದ ಆಳುಗಳಿಗೆ ಊಟ ಕೊಡೋಕೆ ದಿನಾ ಹೋಗ್ತೀನಲ್ಲ,” ಎಂದಳು.

ಗೇಟು ತೆರೆಯುವಷ್ಟರಲ್ಲಿ ಇಪ್ಪತ್ತೆರಡು ನಿಮಿಷ ಹೋಗಿತ್ತು. ಸ್ಟ್ರೆಚರ್ ಮೇಲಿಂದ ದೋನ್ಯಾ ಎಲೋದಿಯಾ ನನ್ನನ್ನು ನೋಡಿ, “ಏನೋ ಬಾಲ್ದೊ, ಆಸ್ಪತ್ರೆಗೆ ಹೋಗೋಕೂ ವೀಸಾ ಬೇಕಾಯ್ತಾ?” ಎಂದರು.

ಈಗ ಹೇಳಿ, ಈ ಗೇಟು ಯಾರನ್ನು ತಡೆಯುತ್ತಿದೆ? ಏಣಿ ಹಾಕಿ ಹತ್ತುವವರಿಗೆ ಅಂಕಿ ಬೇಡ, ಆಂಬುಲೆನ್ಸಿಗೆ ಬೇಕು. ರಾಜಧಾನಿಯಿಂದ ಹೊಸ ಬೂಟು ಹಾಕಿಕೊಂಡು ಬರುವ ಗಣ್ಯರು ಬೇಲಿಗೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಾರೆ, “ಪರಿಸ್ಥಿತಿ ಹೇಗಿದೆ?” ಎನ್ನುತ್ತಾರೆ, ಉತ್ತರ ಬಾಯಿಗೆ ಬರುವಷ್ಟರಲ್ಲಿ ಹೆಲಿಕಾಪ್ಟರ್ ಹತ್ತಿರುತ್ತಾರೆ. ನೀತಿ ಮಾಡುವವರು ನೀವು, ಫಜೀತಿ ಪಡುವವರು ನಾವು. ಹದಿನಾಲ್ಕು ವರ್ಷದಿಂದ ಈ ಕುರ್ಚಿಯಲ್ಲಿದ್ದೇನೆ. ಊರಿಗೆ ಬಂದ ಒಂದು ಕಾಗದವೂ ನನ್ನ ಕಣ್ಣು ತಪ್ಪಿಸಿಲ್ಲ. ನನಗೊಂದು ಮಾತು ತಿಳಿಸಬಾರದಿತ್ತೇ?

ದೋನ್ಯಾ ಎಲೋದಿಯಾ ಶುಕ್ರವಾರ ಮನೆಗೆ ಬರುತ್ತಾರೆ. ಶನಿವಾರ ಅಂಕಿ ಮತ್ತೆ ಬದಲಾಗುತ್ತದಂತೆ. ಆ ಹೊಸ ಅಂಕಿಯನ್ನು ಅಂದೇ ರಮೀರೊಗೆ ಫೋನ್ ಮಾಡಿ ಹೇಳಬೇಕು. ಫೋನ್ ಮಾಡಿ. ಕಾಗದ ಬೇಡ.

ಏಕೆ ಬೇಡ ಎಂದರೆ, ಜಮೀನು ವಶಪಡಿಸಿಕೊಳ್ಳುವ ನೋಟಿಸುಗಳು ಬಂದ ವರ್ಷದಿಂದ ಈ ಊರಿನಲ್ಲಿ ನಿಮ್ಮ ಇಲಾಖೆಯ ಲಕೋಟೆಯನ್ನು ಯಾರೂ ಒಡೆಯುವುದಿಲ್ಲ. ಅದನ್ನು ಹಾಗೇ ಹಾಕಿಡಲು ಪ್ರತಿ ಮನೆಯಲ್ಲೂ ಒಂದು ಬಿಸ್ಕತ್ತಿನ ಡಬ್ಬಿ. ಇಷ್ಟು ಬರೆದು ಮುಗಿಸಿದಾಗ ನನ್ನ ಹೆಂಡತಿ ನೆಲ್ದಾ, ನಿಮ್ಮ ವಿಳಾಸ ಹುಡುಕಲೆಂದು ನಮ್ಮ ಡಬ್ಬಿ ತೆರೆದಳು. ಎಲ್ಲಕ್ಕಿಂತ ಮೇಲಿದ್ದ ಲಕೋಟೆಯನ್ನು ಒಡೆದಳು. ಮೂರು ವಾರದ ಹಿಂದಿನ ಕಾಗದ: “ಮೇಯರ್ ಅವರಿಗೆ. ತುರ್ತು. ಆಂಬುಲೆನ್ಸ್ ಸಿಬ್ಬಂದಿಗೆ ತಿಳಿಸತಕ್ಕದ್ದು.” ಕೆಳಗೆ ಎರ್ಮಿನಿಯಾ ಹೇಳಿದ ಅದೇ ನಾಲ್ಕು ಅಂಕಿ.

“ದೋನ್ಯಾಗೆ ನೀನು ಹೇಳ್ತೀಯೋ, ನಾನೇ ಹೇಳ್ಲೋ?” ಎಂದಳು ನೆಲ್ದಾ.

ಇಂತಿ, ಇನ್ನೂ ಹತ್ತು ಲಕೋಟೆ ಒಡೆಯಲು ಧೈರ್ಯ ಸಾಲದ,
ಬಾಲ್ದೆಮಾರ್ ಕಾಂತು, ಮೇಯರ್