ನಿನ್ನ ಅಮ್ಮನ ರಿಪೋರ್ಟು

ಮನೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ ಸಂಜೆ

ಪ್ರೀತಿಯ ಬಂಗಾರೀ,

ನಿನಗೂ ಅಳಿಯಂದಿರಿಗೂ ಅಪ್ಪನ ಆಶೀರ್ವಾದ. ನಿನ್ನ ಸೊಂಟನೋವು ಹೇಗಿದೆ? ಮಗುವನ್ನು ಯಾವಾಗಲೂ ಎಡಗಡೆಗೇ ಎತ್ತಿಕೊಳ್ಳಬೇಡ. ಅವಳಿಗೆ ಹಲ್ಲು ಬಂದು ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆಂದು ಅಳಿಯಂದಿರು ಹೇಳಿದರು. ತಾಯಿಯಂತೆ ಮಗಳು; ನನ್ನ ಹಳೆಯ ಅಳತೆ ಟೇಪಿನ ತುದಿಯಲ್ಲಿ ನಿನ್ನ ಹಲ್ಲಿನ ಗುರುತು ಇನ್ನೂ ಇದೆ. ನಾನು ಚೆನ್ನಾಗಿದ್ದೇನೆ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಒಂದು ದಿನ ಉಪ್ಪು ಹೆಚ್ಚಾಗುತ್ತದೆ, ಇನ್ನೊಂದು ದಿನ ಹಾಕುವುದೇ ಮರೆತುಹೋಗುತ್ತದೆ. ಎರಡೂ ದಿನದ್ದು ಕೂಡಿಸಿದರೆ ಹದವಾಗಿಯೇ ಇರುತ್ತದೆ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ. ಅಮ್ಮ ತೀರಿಕೊಂಡ ವಾರ ನೀನು, "ಇನ್ಮೇಲೆ ಆ ಕ್ಲಿನಿಕ್ ಮೆಟ್ಟಿಲು ತುಳಿದ್ರೆ ನನ್ನಾಣೆ ಅಪ್ಪಾ" ಎಂದಿದ್ದೆ. ತುಳಿದೆ ಮಗಳೇ. ನಾಲ್ಕು ತಿಂಗಳಿನಿಂದ ಪ್ರತಿ ಗುರುವಾರ ತುಳಿಯುತ್ತಿದ್ದೇನೆ. ನೀನು ದೂರು ಕೊಟ್ಟ ಮೇಲೆ ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಂದು ದಿನ ಅಂಗಡಿಗೆ ಬಂದರು. ಏನೋ ಹೊಲಿಸಲು ಬಂದಿರಬೇಕೆಂದುಕೊಂಡೆ. ಇಸ್ತ್ರಿ ಮೇಜಿನ ಪಕ್ಕ ನಿಂತು, "ನಮ್ಮಲ್ಲಿ ಎಲ್ಲಿ ತಪ್ಪಾಯ್ತು ಅಂತ ನಾವೇ ಕೂತು ಹುಡುಕ್ತಿದ್ದೀವಿ. ನೀವು ಬಂದು ಜೊತೆಗೆ ಕೂತ್ಕೋತೀರಾ?" ಎಂದರು. ಕೈಯಲ್ಲಿ ಕತ್ತರಿಯಿತ್ತು. ಬಯ್ಯಬೇಕೆಂದು ಬಾಯಿ ತೆರೆದೆ. ಆದರೆ ಅವರ ಕಣ್ಣು ನೋಡಿದ ಮೇಲೆ ಕತ್ತರಿ ಕೆಳಗಿಟ್ಟು, ಎಷ್ಟು ಗಂಟೆಗೆ ಬರಲಿ ಎಂದು ಕೇಳಿದೆ.

ಮಧ್ಯಾಹ್ನ ರೋಗಿಗಳು ಹೋದ ಮೇಲೆ, ತೂಕ ನೋಡುವ ಕೋಣೆಯಲ್ಲಿ ಸಭೆ. ಡಾಕ್ಟರಮ್ಮ, ಸಿಸ್ಟರ್, ಮುಂದಿನ ಮೇಜಿನಲ್ಲಿ ಚೀಟಿ ಕೊಡುವಾಕೆ, ನಾನು. ನಾಲ್ಕು ಜನಕ್ಕೆ ಮೂರು ಕುರ್ಚಿ. ಡಾಕ್ಟರಮ್ಮ ತೂಕದ ಯಂತ್ರದ ಮೇಲೆಯೇ ಕೂತುಬಿಡುತ್ತಾರೆ. ಮುಳ್ಳು ಅಲ್ಲಾಡುವುದನ್ನು ನೋಡಿ ಮೊದಲ ದಿನವೇ ನನಗೆ ನಗು ಬಂತು. ನಕ್ಕ ಮೇಲೆ ನಿನ್ನ ಅಮ್ಮ ನೆನಪಾಗಿ ಸಂಕಟವಾಯಿತು. ಆಮೇಲೆ ಡಾಕ್ಟರಮ್ಮ ಒಂದು ದಿನ ಬಿಳಿ ಕೋಟು ಬಿಚ್ಚಿಟ್ಟು, ಚೀಟಿ ತೆಗೆದುಕೊಂಡು, ರೋಗಿಗಳ ಜೊತೆ ಬೆಂಚಿನಲ್ಲಿ ಕೂತರು. ಒಂದು ಗಂಟೆ ಐವತ್ತು ನಿಮಿಷ ಕಾದ ಮೇಲೆ ಅವರ ಸರದಿ ಬಂತಂತೆ. "ಇಷ್ಟು ಕಾದವರಿಗೆ ನಾನು ಕೊಡೋದು ನಾಲ್ಕು ನಿಮಿಷ" ಎಂದು ಗೋಡೆಯ ಹಲಗೆಯ ಮೇಲೆ ಬರೆದರು.

ರಿಪೋರ್ಟುಗಳ ಟ್ರೇಯನ್ನು ನನ್ನೆದುರೇ ಬುಡಮೇಲು ಮಾಡಿದರು. ಡಾಕ್ಟರಮ್ಮ ನೋಡದೆ ಉಳಿದಿದ್ದವು ಅರವತ್ತೊಂದು. ನಿನ್ನ ಅಮ್ಮನದೂ ಹೀಗೇ ಐದು ವಾರ ಬಿದ್ದಿತ್ತು. ಮೂತ್ರಪಿಂಡ ಸೋಲುತ್ತಿದೆಯೆಂದು ಕಾಗದ ಒಳಗೆ ಹೇಳುತ್ತಿತ್ತು, ಇತ್ತ ಅವಳು ಅದಕ್ಕೆ ಇನ್ನಷ್ಟು ಹಾನಿ ಮಾಡುವ ಮಂಡಿನೋವಿನ ಗುಳಿಗೆ ನುಂಗುತ್ತಲೇ ಇದ್ದಳು. "ಕರೆದಿಲ್ಲ ಅಂದ್ರೆ ಏನೂ ಇಲ್ಲ ಅಂತಲೇ ಅಲ್ವಾ?" ಎನ್ನುತ್ತಿದ್ದಳು. ಅವಳ ಆ ಮಾತನ್ನು ಸಭೆಯಲ್ಲಿ ಹೇಳಿದಾಗ ಸಿಸ್ಟರ್ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಆಗ ನನಗೆ ತಿಳಿದ ಒಂದೇ ವಿದ್ಯೆಯನ್ನು ಹೇಳಿದೆ. ನನ್ನ ಅಂಗಡಿಯಲ್ಲಿ ಚೀಟಿ ಚುಚ್ಚದ ಬಟ್ಟೆ ರಾಶಿಗೆ ಸೇರುವುದಿಲ್ಲ. ಯಾರದು, ಯಾವತ್ತಿಗೆ ಕೊಡಬೇಕು, ಯಾರ ಕೈಯಲ್ಲಿದೆ, ಮೂರೂ ಅದರಲ್ಲಿರಬೇಕು. ಕುಪ್ಪಸಕ್ಕೆ ಇಷ್ಟು ಜೋಪಾನವಾದರೆ ಮನುಷ್ಯರ ರಕ್ತಕ್ಕೆ ಬೇಡವೇ? ಮರುದಿನವೇ ಒಂದು ದಪ್ಪ ಪುಸ್ತಕ ತಂದರು. ಯಾರ ಪರೀಕ್ಷೆ, ಯಾವಾಗ ರಿಪೋರ್ಟು ಬರಬೇಕು, ಬಂದದ್ದನ್ನು ಡಾಕ್ಟರಮ್ಮ ನೋಡಿದರೇ, ರೋಗಿಗೆ ಯಾರು ತಿಳಿಸಿದರು, ಎಲ್ಲವೂ ಈಗ ಅದರಲ್ಲಿದೆ. ಬಾಗಿಲಲ್ಲಿ ದಪ್ಪ ಅಕ್ಷರದ ಬೋರ್ಡು: "ಹತ್ತು ದಿನದೊಳಗೆ ನಾವು ತಿಳಿಸದಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಬಂದು ಕೇಳಿ." ಆ ಮಾತನ್ನು ಬರೆಸಿದವನು ನಾನು. ಮೊದಲ ತಿಂಗಳು ಹತ್ತೊಂಬತ್ತು ರಿಪೋರ್ಟು ತಡವಾದವು, ಎರಡನೇ ತಿಂಗಳು ಎಂಟು, ಕಳೆದ ತಿಂಗಳು ಎರಡು. ಆ ಎರಡಕ್ಕೂ ಡಾಕ್ಟರಮ್ಮ ಊಟ ಬಿಟ್ಟು ಅವರ ಮನೆಗಳಿಗೇ ಹೋದರು. ಬಸ್ಸಿನ ಡ್ರೈವರೊಬ್ಬನ ರಕ್ತದಲ್ಲಿ ಸಕ್ಕರೆ ಮಿತಿಮೀರಿದ್ದು ಮೂರೇ ದಿನಕ್ಕೆ ತಿಳಿದು, ಅವನು ಬದುಕಿಕೊಂಡ. ಅವನ ಹೆಂಡತಿ ಬಂದು ನನ್ನ ಕೈ ಹಿಡಿದುಕೊಂಡು ಅತ್ತಳು. ಸಂತೋಷಪಡಬೇಕಿತ್ತು. ಅವಳಿಗೆ ಗಂಡ ಸಿಕ್ಕಿದ, ನನಗೆ ಮಾತ್ರ ಖಾಲಿ ಮನೆ ಎಂದು ಹೊಟ್ಟೆಕಿಚ್ಚಾಯಿತು. ನಿನ್ನಲ್ಲಿ ಮುಚ್ಚಿಡುವುದೇನು.

ಮನೆಗೆ ಬಂದು ಇದನ್ನೆಲ್ಲ ಯಾರಿಗೆ ಹೇಳಲಿ? ಅವಳ ಮಂಚದ ಕಡೆ ತಿರುಗಿ ಒಮ್ಮೊಮ್ಮೆ ಹೇಳಿಬಿಡುತ್ತೇನೆ. ಆಮೇಲೆ ನನಗೇ ನಾಚಿಕೆಯಾಗುತ್ತದೆ.

ಬೇಸರ ಮಾಡಿಕೊಳ್ಳಬೇಡ. ಮಗುವಿಗೆ ಒಂದು ಲಂಗ ಹೊಲಿದಿದ್ದೇನೆ, ಬೆಳೆಯುವ ಮಗುವೆಂದು ಒಳಮಡಿಕೆ ಜಾಸ್ತಿ ಬಿಟ್ಟಿದ್ದೇನೆ. ಅಳಿಯಂದಿರಿಗೆ ಕೇಳಿದೆನೆಂದು ತಿಳಿಸು. ನೀವು ಮೂವರೂ ತಣ್ಣಗಿರಿ.

ನಿನ್ನ,
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಮಂಗಳವಾರ ನಿನ್ನ ದೂರಿನ ವಿಚಾರಣೆ. ಚೀಟಿ ಕೊಡುವಾಕೆಯ ಕೆಲಸ ಹೋಗುತ್ತದೆಂದು ಎಲ್ಲರೂ ಹೇಳುತ್ತಿದ್ದಾರೆ. "ರಿಪೋರ್ಟು ಬಂದ ದಿನವೇ ಲ್ಯಾಬಿನವರ ಕೆಂಪು ಗುರುತು ನೋಡಿ ಫೋನು ಮಾಡಿದ್ದೆ, ಯಾರೋ ಗಂಡಸು ಎತ್ತಿಕೊಂಡರು" ಎಂದು ಅವಳು ಹೇಳಿದ್ದು ಶುದ್ಧ ಸುಳ್ಳೆಂದು ನೀನು ಬರೆದಿದ್ದೀಯೆ. ಸುಳ್ಳಲ್ಲ ಮಗಳೇ. ಅಂಗಡಿಯ ಫೋನು ಎತ್ತಿದ್ದು ನಾನು. ಶಾಲೆಯ ಸಮವಸ್ತ್ರಗಳ ಅವಸರ, ಬಾಯಿತುಂಬ ಗುಂಡುಸೂಜಿ. "ಅಮ್ಮನ್ನ ಬೇಗ ಕಳ್ಸಿ" ಎಂದಳು, "ಹ್ಞೂಂ" ಎಂದೆ. ನಿನ್ನ ಅಮ್ಮನಿಗೆ ಹೇಳಲಿಲ್ಲ. ಆಸ್ಪತ್ರೆಗೆ ಸೇರಿಸಿದ ಎರಡನೇ ದಿನ ನೆನಪಾಯಿತು. ಅಂದಿನಿಂದ ಎಂಟು ತಿಂಗಳು ನುಂಗಿಕೊಂಡಿದ್ದೆ. ಇವತ್ತು ಸಭೆಯಲ್ಲಿ ಹೇಳಿಬಿಟ್ಟೆ. ಆಕೆ, "ಇಷ್ಟು ದಿನ ಯಾಕಣ್ಣಾ ಹೇಳ್ಲಿಲ್ಲ?" ಎಂದಳು, ಅಷ್ಟೇ. ಡಾಕ್ಟರಮ್ಮ ಹಲಗೆಯ ಮೇಲೆ, "ರೋಗಿಯ ಜೊತೆಗೇ ಮಾತಾಡಬೇಕು. ಸಿಗದಿದ್ದರೆ ಮತ್ತೆ ಫೋನು ಮಾಡಬೇಕು" ಎಂದು ಬರೆದರು. ಕ್ಲಿನಿಕ್ಕಿನವರ ತಪ್ಪು ಇಲ್ಲವೆಂದು ನಾನು ಹೇಳುತ್ತಿಲ್ಲ. ಮಂಗಳವಾರ ನಾನೂ ಬಂದು ಹೇಳುತ್ತೇನೆ. ದೂರಿನಿಂದ ಆಕೆಯ ಹೆಸರು ತೆಗೆಯುವುದು ಬಿಡುವುದು ನಿನಗೆ ಸೇರಿದ್ದು. ನನ್ನದನ್ನು ಮಾತ್ರ ಸೇರಿಸು.