ಸಂಜೀವನ ಕಾಲೇಜು

ಶ್ರೀ

ಅಲ್ ಖೋರ್ ಕ್ಯಾಂಪು, ಕತಾರ್
೧೯ ಜುಲೈ ೨೦೨೪, ಶುಕ್ರವಾರ

ನನ್ನ ಅವ್ವ, ಚಿರಂಜೀವಿ ಶಿಲ್ಪಶ್ರೀಗೆ ನಿನ್ನ ಅಪ್ಪ ಯಮನಪ್ಪ ಮಾಡುವ ಆಶೀರ್ವಾದಗಳು.

ನಾನಿಲ್ಲಿ ಆರಾಮ ಇದ್ದೀನಿ. ನೀನು, ನಿಮ್ಮವ್ವ, ತಮ್ಮ ಮೂವರೂ ಬಾದಾಮಿಯಲ್ಲಿ ಆರಾಮ ಇದ್ದೀರಿ ಅಂದುಕೊಂಡೇ ಬರೆಯುತ್ತಿದ್ದೀನಿ. ಕಾಲೇಜು ಸೀಟಿನ ಲಿಸ್ಟ್ ಬಂದು ಹನ್ನೆರಡು ದಿನ ಆಯಿತು, ಅಪ್ಪ ಸಮಾಧಾನದ ನಾಲ್ಕು ಮಾತು ಹೇಳಲಿಲ್ಲ ಅಂತ ಸಿಟ್ಟಾಗಿರಬೇಕು ನೀನು. ಮೂರು ಸಲ ಬರೆದು ಮೂರು ಸಲ ಹರಿದು ಹಾಕಿದೆ. ಫೋನಿನಲ್ಲಿ ಹೇಳೋಣ ಅಂದರೆ ನೀನು ಹ್ಞೂಂ ಅಂತೀ, ಫೋನನ್ನು ಅವ್ವನ ಕೈಗೆ ಕೊಡ್ತೀ. ಅದೂ ಅಲ್ಲದೆ ಇದು ಫೋನಿನಲ್ಲಿ ಹೇಳುವ ಮಾತಲ್ಲ. ಕೆರೂರಿನ ಶಿವಕುಮಾರ ನಾಳೆ ರಜೆ ಮೇಲೆ ಊರಿಗೆ ಹೊರಟಿದ್ದಾನೆ. ಈ ಕಾಗದವನ್ನು ನಿನ್ನ ಕೈಗೇ ಕೊಡಬೇಕು, ಅವ್ವನ ಕೈಗೆ ಬೇಡ ಅಂತ ಅವನಿಗೆ ಎರಡು ಸಲ ಹೇಳಿದ್ದೀನಿ. ಒಬ್ಬಳೇ ಕೂತು ಓದು.

ಇಲ್ಲಿ ಬಿಸಿಲು ಹೇಳತೀರದು. ಬೆಳಿಗ್ಗೆ ಹತ್ತರಿಂದ ಮೂರೂವರೆ ತನಕ ಹೊರಗೆ ಕೆಲಸ ಮಾಡಿಸುವಂತಿಲ್ಲ, ಸರಕಾರದ ಕಾನೂನು. ನಾವೆಲ್ಲ ಎ.ಸಿ. ಶೆಡ್ಡಿನಲ್ಲಿ ಕೂತಿರುತ್ತೀವಿ. ನಾವು ಕೆಲಸ ಮಾಡುವ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿಗೆ ಹೊಸದಾಗಿ ಒಬ್ಬ ಅರಬಿ ಸೇಫ್ಟಿ ಆಫೀಸರ್ ಬಂದಿದ್ದಾನೆ. ನನ್ನ ಗೇಟ್ ಪಾಸಿನ ಮೇಲಿನ ಹೆಸರು ಓದಿ, 'ನೀನು ಯಮನ್ ದೇಶದವನಾ?' ಅಂತ ಕೇಳಿದ. 'ಇಲ್ಲ ಸಾರ್, ಬಾಗಲಕೋಟ ಜಿಲ್ಲೆ' ಅಂದೆ. ಶೆಡ್ಡಿನವರೆಲ್ಲ ನಕ್ಕರು, ನಾನೂ ನಕ್ಕೆ. ಇದನ್ನು ಹೇಳಿದರೆ ನೀನೂ ಒಂಚೂರು ನಗಬಹುದು ಅಂತ ಬರೆದೆ.

ಆದರೆ ನನಗೆ ಸಮಾಧಾನ ಇಲ್ಲ. ಲಿಸ್ಟ್ ಬಂದ ದಿನ ನೀನು ಫೋನಿನಲ್ಲಿ ಏನಂದೆ ನೆನಪಿದೆಯಾ? 'ಅಪ್ಪಾ, ನಾಲ್ಕೇ ನಾಲ್ಕು ನಂಬರಿಗೆ ಹೋತು. ನಿನ್ನ ಕಾಲೇಜು ನನಗ ಸಿಗಲಿಲ್ಲ, ತಪ್ಪಾತು' ಅಂದೆ. ನೀನು ನನ್ನಲ್ಲಿ ತಪ್ಪಾಯಿತು ಅಂದೆ! ಅಂದಿನಿಂದ ಹಾಡಹಗಲಿನಲ್ಲೇ ನನಗೆ ಒಂದು ದನಿ ಕೇಳಿಸುತ್ತದೆ. ಸ್ಕಾಫೋಲ್ಡಿಂಗ್ ಸಾರವೆಯ ಮೇಲೆ ನಿಂತು ಹುಡುಗರ ಕೆಲಸ ನೋಡುತ್ತಿರುತ್ತೀನಿ, ಹಿಂದಿನಿಂದ ಯಾರೋ 'ಯಮನ್ಯಾ' ಅಂತ ಕರೆದಂಗಾಗುತ್ತದೆ. ಇಲ್ಲಿ ನನ್ನನ್ನು ಹಂಗೆ ಕರೆಯುವವರು ಯಾರೂ ಇಲ್ಲ. ಎಲ್ಲರೂ ಯಮನ್ ಭಾಯ್ ಅನ್ನುತ್ತಾರೆ. ತಿರುಗಿ ನೋಡಿದರೆ ಸಮುದ್ರ, ಪೈಪು, ಉರಿಯುವ ಗ್ಯಾಸಿನ ಬೆಂಕಿ. ಮೊನ್ನೆ ನಮ್ಮ ಮಂಗಳೂರಿನ ಇಂಜಿನಿಯರ್ ಕ್ಲೈವ್ ಸಾಹೇಬರು ಅದನ್ನು ನೋಡಿ, 'ಯಮನಪ್ಪ, ಯಾರನ್ನು ಹುಡುಕ್ತಾ ಇದ್ದೀರಿ? ಹುಷಾರಿಲ್ವಾ? ಕೆಳಗೆ ಇಳಿಯಿರಿ ಮಾರಾಯರೆ' ಅಂತ ನನ್ನನ್ನು ಇಳಿಸಿ ಗ್ಲೂಕೋಸ್ ಕುಡಿಸಿದರು. ಬಿಸಿಲಿಗೆ ಹಂಗಾಯಿತು ಅಂದೆ. ನಂಬಿದರು.

ನಿಮ್ಮವ್ವ ಎಲ್ಲಾ ಹೇಳಿದಳು. ಬೆಳಗಾವಿಯವರು ಸೀಟು ಕೊಟ್ಟಿದ್ದಾರೆ, ಗುರುವಾರದೊಳಗೆ ಒಪ್ಪಿಗೆ ಹೇಳಬೇಕು, ಮಂಗಳೂರಿನ ಕಡೆಯದೊಂದು ಕಾಲೇಜೂ ಸಿಗುವಂತಿದೆ, ಆದರೆ ನೀನು ಮಾತ್ರ ಒಂದು ವರ್ಷ ಮನೆಯಲ್ಲಿ ಕೂತು ಮತ್ತೆ ಪರೀಕ್ಷೆ ಬರೆಯುವ ಹಟ ಹಿಡಿದಿದ್ದೀ, ಓದಿದರೆ ಮೈಸೂರಿನ ಆ ಕಾಲೇಜಿನಲ್ಲೇ, ಇಲ್ಲದಿದ್ದರೆ ಆರ್ಕಿಟೆಕ್ಚರೇ ಬೇಡ ಅಂತ. ಸರಿಯಾಗಿ ಉಣ್ಣುತ್ತಿಲ್ಲವಂತೆ. 'ನಿಮ್ಮ ಕಾಲೇಜಿನ ಹುಚ್ಚು ಹಚ್ಚಿದವರು ನೀವು, ನೀವೇ ಬಿಡಸ್ರಿ' ಅಂತ ನಿಮ್ಮವ್ವ ನನಗೇ ಬೈದಳು.

ಅದಕ್ಕೇ ಹೋದ ಶುಕ್ರವಾರ ದೋಹಾಕ್ಕೆ ಹೋಗಿದ್ದೆ. ದೋಹಾ ಅಲ್ ಜದೀದಾದಲ್ಲಿ ಝಕರಿಯಾ ಅಂತ ನನ್ನ ಗುರುತಿನವರು, ಮಂಗಳೂರು ಕಡೆಯ ದೇರಳಕಟ್ಟೆಯವರು, ಮೂವತ್ತು ವರ್ಷದಿಂದ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಅವರ ಮಗಳು ರೈಹಾನಾ ಇಲ್ಲೇ ಒಂದು ಕಂಪನಿಯಲ್ಲಿ ಆರ್ಕಿಟೆಕ್ಟ್. ನಿನ್ನ ವಿಷಯ ಕೇಳಿ ಆ ಹುಡುಗಿ ತನ್ನ ಕೆಲಸ ಬಿಟ್ಟು ಒಂದು ತಾಸು ನನ್ನ ಹತ್ತಿರ ಕೂತಳು.

'ಅಂಕಲ್, ನನಗೂ ಹೀಗೇ ಆಗಿತ್ತು. ನನಗೆ ಅಹಮದಾಬಾದಿನ ಒಂದು ಕಾಲೇಜು ಅಂದ್ರೆ ಪ್ರಾಣ. ಸಿಗಲಿಲ್ಲ. ಮಂಗಳೂರಲ್ಲೇ ಓದಿದೆ. ಆರು ತಿಂಗಳು ಯಾರ ಹತ್ರವೂ ಮಾತಾಡ್ಲಿಲ್ಲ ನಾನು. ಮತ್ತೆ ಆ ಬೇಸರ ಯಾವಾಗ ಹೋಯ್ತು ಅಂತಲೇ ಗೊತ್ತಾಗ್ಲಿಲ್ಲ' ಅಂದಳು.

'ಅಂಥಾದ್ದೇ ಇನ್ನೊಂದು ಕಾಲೇಜು ಯಾವುದು ಅಂತ ಹೆಂಗ ಹುಡುಕೋದವ್ವಾ?' ಅಂತ ಕೇಳಿದೆ.

'ಹೆಸರು ನೋಡ್ಬೇಡಿ. ಮಗಳಿಗೆ ಹೋಗಿ ನೋಡ್ಲಿಕ್ಕೆ ಹೇಳಿ. ಕ್ಲಾಸ್ ಮುಗಿದ ಮೇಲೂ ಸ್ಟುಡಿಯೋದಲ್ಲಿ ಮಕ್ಕಳು ಕೂತು ಕೆಲಸ ಮಾಡ್ತಾರಾ? ಗೋಡೆ ಮೇಲೆ ಅವರ ಡ್ರಾಯಿಂಗ್ ಉಂಟಾ? ಪಾಠ ಮಾಡುವವರು ಹೊರಗೆ ಕಟ್ಟಡ ಕಟ್ಟಿದವರಾ, ಬರೀ ಪುಸ್ತಕ ಓದಿದವರಾ? ಕೊನೇ ವರ್ಷದ ಇಬ್ಬರನ್ನು ಕ್ಯಾಂಟೀನಲ್ಲಿ ಕೂರಿಸಿ ಮಾತಾಡಿಸ್ಲಿ. ಬೆಳಗಾವಿಯದ್ದು ಒಳ್ಳೇದುಂಟು ಅಂಕಲ್, ನನ್ನ ಆಫೀಸಲ್ಲೇ ಅಲ್ಲಿಂದ ಬಂದವರು ಇಬ್ಬರು ಇದ್ದಾರೆ. ವರ್ಷ ಹಾಳು ಮಾಡುವುದು ಬೇಡ.'

ಅಷ್ಟು ಹೇಳಿ ಆಕೆ, 'ಅಪ್ಪ ಹೇಳಿದ್ರು, ನೀವೂ ಮೈಸೂರಲ್ಲಿ ಅದೇ ಕಾಲೇಜಲ್ಲಿ ಎರಡು ವರ್ಷ ಓದಿದ್ದಂತೆ. ಯಾವ ಬ್ಯಾಚ್ ಅಂಕಲ್? ನನ್ನ ಬಾಸ್ ಸಹ ಅಲ್ಲಿಯವರೇ, ತೊಂಬತ್ತೆಂಟರ ಬ್ಯಾಚ್. ನಿಮ್ಮ ಗುರ್ತ ಇರಬಹುದು. ಈಗಲೇ ಫೋನ್ ಮಾಡ್ತೇನೆ' ಅಂದಳು.

ಕೈಯಲ್ಲಿದ್ದ ಚಹಾ ಹಂಗೇ ಇಟ್ಟು ಎದ್ದುಬಿಟ್ಟೆ. ಕ್ಯಾಂಪಿನ ಬಸ್ಸಿಗೆ ಹೊತ್ತಾಯಿತು ಅಂದೆ. ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ಸುಡುವ ಫುಟ್‌ಪಾತಿನ ಮೇಲೆ ಕಳ್ಳನಂಗೆ ನಡೆದೆ. ಆವತ್ತೇ ನಿಶ್ಚಯ ಮಾಡಿದೆ, ನಿನಗೆ ಹೇಳಲೇಬೇಕು ಅಂತ.

ಅವ್ವಾ, ನಾನು ಆ ಕಾಲೇಜಿನಲ್ಲಿ ಓದಿಲ್ಲ. ಒಂದು ದಿನವೂ ಓದಿಲ್ಲ.

ನಾನು ಅಲ್ಲಿ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದವನು. ತೊಂಬತ್ತಾರರಲ್ಲಿ ಅವರು ಹೊಸ ಸ್ಟುಡಿಯೋ ಕಟ್ಟಡ ಕಟ್ಟಿಸುತ್ತಿದ್ದರು. ನಮ್ಮ ಕಡೆಯ ಎಂಟು ಮಂದಿಯ ಜೊತೆ ನಾನೂ ಹೋಗಿದ್ದೆ, ಹತ್ತೊಂಬತ್ತು ವರ್ಷ ವಯಸ್ಸು. ಅಲ್ಲಿ ಓದುತ್ತಿದ್ದವನು ಸಂಜೀವ, ಗುಳೇದಗುಡ್ಡದ ನೇಕಾರರ ಮನೆಯ ಹುಡುಗ. ನಾವು ಬೈದಾಡುವುದು ಕೇಳಿ, 'ಲೇ, ನಮ್ಮ ಭಾಷಾ!' ಅಂತ ಓಡಿ ಬಂದ. ಮೈಸೂರಿನ ಮಾತು ಅವನಿಗೆ ಹಿಡಿಸುತ್ತಿರಲಿಲ್ಲ, ಮಂದಿ ನಡುವೆ ಒಂಟಿಯಾಗಿದ್ದ. ರವಿವಾರ 'ಯಮನ್ಯಾ' ಅಂತ ಕೂಗಿ ನನ್ನನ್ನು ತನ್ನ ರೂಮಿಗೆ ಕರೆದುಕೊಂಡು ಹೋಗುತ್ತಿದ್ದ. ನಾನು ರೊಟ್ಟಿ ಬಡಿದು ಕೊಡುತ್ತಿದ್ದೆ, ಅವನು ನನಗೆ ಡ್ರಾಯಿಂಗ್ ಓದಲು ಕಲಿಸುತ್ತಿದ್ದ. ಪ್ಲಾನ್ ಅಂದರೇನು, ಸೆಕ್ಷನ್ ಅಂದರೇನು, ಬೆಳಕು ಯಾವ ಕಡೆಯಿಂದ ಬರಬೇಕು, ಎಲ್ಲ.

ನೀನು ಚಿಕ್ಕವಳಿದ್ದಾಗಿಂದ ಕೇಳಿದ ಕಥೆಗಳು ಅವನವು. ಮೇಜಿನ ಮೇಲೆ ಮಲಗಿ ಪಾಠ ಹೇಳುತ್ತಿದ್ದ ಮೇಷ್ಟ್ರು, ಇಡೀ ರಾತ್ರಿ ಮಾಡಿದ ಮಾಡೆಲನ್ನು ಇಲಿ ತಿಂದದ್ದು, ಲೈಬ್ರರಿಯ ಹಿಂದಿನ ಮೆಟ್ಟಿಲು, ಎಲ್ಲ ಸಂಜೀವ ಅನುಭವಿಸಿದ್ದು. ನಾನು ಅವನ್ನು ನನ್ನವು ಮಾಡಿಕೊಂಡೆ. ನಿಮ್ಮವ್ವನನ್ನು ನೋಡಲು ಹೋದಾಗ ನಿಮ್ಮಜ್ಜ 'ಹುಡುಗ ಏನ್ ಓದ್ಯಾನ?' ಅಂತ ಕೇಳಿದ. ನಾಲಿಗೆ ತಾನೇ ಹೊರಳಿತು. 'ಮೈಸೂರಾಗ ಆರ್ಕಿಟೆಕ್ಟ್ ಕಾಲೇಜಿನ್ಯಾಗ ಎರಡು ವರ್ಷ ಓದೀನ್ರಿ, ಮನಿ ತಾಪತ್ರಯಕ್ಕ ಬಿಟ್ಟೆ' ಅಂದೆ. ಡ್ರಾಯಿಂಗ್ ಓದಲು ಬರುತ್ತಿತ್ತು, ಎಲ್ಲರೂ ನಂಬಿದರು. ಒಂದು ಸಲ ಹೇಳಿದ ಮೇಲೆ ಹಿಂದಕ್ಕೆ ಬರುವ ದಾರಿ ಸಿಗಲಿಲ್ಲ. ನೀನು ಹುಟ್ಟಿದಾಗ ಶಿಲ್ಪಶ್ರೀ ಅಂತ ಹೆಸರಿಟ್ಟೆ. ಎಂಟು ವರ್ಷದವಳಿದ್ದಾಗ 'ಅಪ್ಪ ಬಿಟ್ಟದ್ದನ್ನ ನಾ ಮುಗಸ್ತೀನಿ' ಅಂದೆ. ಅವತ್ತು ನಿನ್ನನ್ನು ಎತ್ತಿಕೊಂಡು ಕುಣಿದೆ, ಬಾಯಿ ಬಿಡಲಿಲ್ಲ.

ಈಗ ನೀನು ಅಳುತ್ತಿರುವುದು ಅಪ್ಪನ ಕಾಲೇಜಿಗಾಗಿ. ಅಂಥದ್ದೊಂದು ಇರಲೇ ಇಲ್ಲ ಮಗಾ. ನೀನು ಮುಗಿಸಬೇಕಾದದ್ದು ಏನೂ ಬಾಕಿ ಇಲ್ಲ. ನನ್ನ ಹತ್ತಿರ ತಪ್ಪಾಯಿತು ಅಂದೆಯಲ್ಲ, ಅದನ್ನು ವಾಪಸ್ ತಗೋ. ಸೋಮವಾರ ಕಾಗದ ಮುಟ್ಟುತ್ತದೆ. ಮಂಗಳವಾರ ಅವ್ವನನ್ನು ಕರೆದುಕೊಂಡು ಬೆಳಗಾವಿಗೆ ಹೋಗು, ರೈಹಾನಾ ಹೇಳಿದ್ದನ್ನೆಲ್ಲ ನೋಡು. ಚಲೋ ಅನಿಸಿದರೆ ಒಪ್ಪಿಕೋ. ಮಂಗಳೂರು ಬೇಕಾದರೆ ಅಲ್ಲಿಗೆ ಹೋಗು. ಇಷ್ಟಾದ ಮೇಲೂ ಮೈಸೂರೇ ಬೇಕು, ಒಂದು ವರ್ಷ ಕಾಯುತ್ತೀನಿ ಅಂದರೆ ಅದೂ ಆಗಲಿ, ಆದರೆ ನಿನಗೆ ಬೇಕು ಅಂತ ಆಗಲಿ, ನನ್ನ ಸಲುವಾಗಿ ಬೇಡ. ಅವ್ವನಿಗೆ ನಾನೇ ಹೇಳುತ್ತೀನಿ, ದಸರೆಗೆ ಬಂದಾಗ ಎದುರು ಕೂತು. ಅಲ್ಲಿಯ ತನಕ ನೀನೂ ಈ ಭಾರ ಹೊರಬೇಕಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ತಮ್ಮನ ಮೇಲೆ ರೇಗಬೇಡ. ಶಿವಕುಮಾರನ ಕೈಯಲ್ಲಿ ಖರ್ಜೂರ ಕಳಿಸಿದ್ದೀನಿ. ನಿನ್ನ ಕೈ ಗೆರೆ ಎಳೆಯುವುದು ನಿಲ್ಲಿಸದಿರಲಿ, ನಿನ್ನ ಕಟ್ಟಡಗಳಲ್ಲಿ ಮಂದಿ ಸುಖವಾಗಿ ಬಾಳಲಿ, ಬನಶಂಕರಿ ತಾಯಿ ನಿನ್ನನ್ನು ಕಾಯಲಿ.

ಇಂತಿ ನಿನ್ನ ಅಪ್ಪ,
ಯಮನಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಸಂಜೀವ ಈಗ ಎಲ್ಲಿದ್ದಾನೆ ಅಂತ ನೀನು ಕೇಳೇ ಕೇಳುತ್ತೀ. ಇಲ್ಲ ಅವನು. ತೊಂಬತ್ತೇಳರ ಮಾರ್ಚಿನಲ್ಲಿ, ಒಂದು ರವಿವಾರ, ಆ ಸ್ಟುಡಿಯೋ ಕಟ್ಟಡದ ಮೂರನೇ ಮಹಡಿಯ ಸಾರವೆ ಹಲಗೆಯ ಮೇಲಿಂದ ಬಿದ್ದ. ಚಾಮುಂಡಿ ಬೆಟ್ಟದ ಚಿತ್ರ ಬರೆಯಬೇಕು ಅಂದಿದ್ದ. 'ನಮ್ಮ ಸಾರವೆ ಹತ್ತು, ಅಲ್ಲಿಂದ ಚಲೋ ಕಾಣಸ್ತದ' ಅಂತ ಕಳಿಸಿದವನು ನಾನು. ಹಿಂದಿನ ಸಂಜೆ ಆ ಹಲಗೆ ಕಟ್ಟುವುದು ನನ್ನ ಪಾಳಿ ಇತ್ತು. ಸೋಮವಾರ ಕಟ್ಟಿದರಾಯಿತು ಅಂತ ಬಿಟ್ಟಿದ್ದೆ, ಆಮೇಲೆ ಮರೆತೇಬಿಟ್ಟೆ. ಹುಡುಗ ತಾನೇ ಹತ್ತಿ ಕಾಲು ಜಾರಿ ಬಿದ್ದ ಅಂತ ಬರೆದುಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ, ಮರುದಿನ ಬಸ್ ಹತ್ತಿದೆ. ಅವನ ತಾಯಿ ಇಂದಿರಮ್ಮ ಇನ್ನೂ ಗುಳೇದಗುಡ್ಡದಲ್ಲಿದ್ದಾರೆ ಅಂತ ಕೇಳಿದ್ದೀನಿ. ಬಾದಾಮಿಯಿಂದ ಅಷ್ಟು ಹತ್ತಿರ, ಇಪ್ಪತ್ತೇಳು ವರ್ಷದಲ್ಲಿ ಆ ದಾರಿ ತುಳಿದಿಲ್ಲ.

ಇನ್ನೂ ಒಂದು ಇದೆ, ಇದು ಎಲ್ಲಕ್ಕಿಂತ ಕೆಟ್ಟದ್ದು. ಆ ಕಾಲೇಜಿನವರು ಈಗಲೂ ಅದೇ ಕಟ್ಟಡದಲ್ಲಿ ಪಾಠ ಮಾಡುತ್ತಾರೆ. ನಿನಗೆ ಸೀಟು ಸಿಕ್ಕಿದ್ದರೆ ಐದು ವರ್ಷ ದಿನಾಲು ನೀನು ಆ ಮೂರನೇ ಮಹಡಿಗೆ ಹತ್ತುತ್ತಿದ್ದೆ. ಅವತ್ತು ನೀನು ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಾ ಸಿಗಲಿಲ್ಲ ಅಂದಾಗ ನನಗೆ ಮೊದಲು ಆದದ್ದು ದುಃಖವಲ್ಲ ಶಿಲ್ಪಾ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನೀನು ಅಳುತ್ತಿದ್ದೆ, ನಾನು ಇಲ್ಲಿ ಕಣ್ಣು ಮುಚ್ಚಿ ದೇವರಿಗೆ ಕೈ ಮುಗಿದೆ.